ಮಲ್ಲಾಬಾಯಿಯ ದನಿಗೆ ಇಳಿದ ಪೇಟಿ

“ಇನ್ನೊಂದೀಟು ಇಳಸ್ ಯವ್ವಾ, ಕುತ್ತಿಗಿ ಹಿಡದಂಗ ಆಗ್ತದ.”

ಸುಮಲತಾ ಲ್ಯಾಪ್‌ಟಾಪಿನಲ್ಲಿ ಒಂದು ಅಂಕಿ ಅಳಿಸಿ ಇನ್ನೊಂದು ಬರೆಯುತ್ತಾಳೆ. ಸ್ಪೀಕರಿನಿಂದ ಬರುತ್ತಿರುವ ಹಾರ್ಮೋನಿಯಂ ನಾದ ಕೂದಲೆಳೆಯಷ್ಟು ಕೆಳಗಿಳಿಯುತ್ತದೆ. ಮಲ್ಲಾಬಾಯಿ ಕಣ್ಣು ಮುಚ್ಚಿ ಆಲಿಸುತ್ತಾರೆ.

“ಭಾಳ ಇಳಸಿದಿ. ಬಾವಿಗಿ ದೂಡ್ತಿಯೇನ ನನ್ನ?”

ಸುತ್ತ ಕುಳಿತ ಹೆಂಗಸರು ನಗುತ್ತಾರೆ. ಮತ್ತೊಂದು ಅಂಕಿ. ಈ ಸಲ ಮಲ್ಲಾಬಾಯಿ ಹಾಡನ್ನೇ ಎತ್ತುತ್ತಾರೆ.

ರಂಗಂಪೇಟೆಯ ಗುಡಿಯ ಪಡಸಾಲೆಯಲ್ಲಿ ಸೋಮವಾರ ಬೆಳಗಾಗುವುದು ಹೀಗೆ. ಬಿಸಿಲೇರಿದ ಮೇಲೆ ಸುಮಲತಾ ಸುರಪುರದ ಅಂಗಡಿಯೊಂದರಲ್ಲಿ ಮೊಬೈಲ್ ರಿಪೇರಿ ಮಾಡುತ್ತಾಳೆ. ಹಾರ್ಮೋನಿಯಂ ಇಲ್ಲಿಯವರ ಬಾಯಲ್ಲಿ ಪೇಟಿ; ಇಲ್ಲಿ ನುಡಿಯುವ ಪೇಟಿಗೆ ಮರವಿಲ್ಲ, ತಿದಿಯಿಲ್ಲ. ಅದು ಆಕೆಯೇ ಬರೆದ ಪ್ರೋಗ್ರಾಂ.

ಈ ಭಜನಾ ಮೇಳದ್ದೊಂದು ಕಟ್ಟಳೆಯಿದೆ: ಹಾಡು ಎತ್ತಿದವರ ಶ್ರುತಿಗೆ ಉಳಿದವರೆಲ್ಲ ಬರಬೇಕು. ಎತ್ತುವವರು ಮೊದಲಿನಿಂದಲೂ ಮಲ್ಲಾಬಾಯಿ, ಓಣಿಗೆಲ್ಲ ಆಯಿ. ಹೋದ ವರ್ಷ ಗಂಟಲ ಬೇನೆಯಿಂದ ಎದ್ದಾಗ ಅವರ ದನಿ ಪೇಟಿಯಲ್ಲಿ ಬೆರಳಿಟ್ಟು ಒತ್ತುವ ಎರಡು ಪಟ್ಟಿಗಳ ಸಂದಿಗೆ ಜಾರಿತ್ತು. ಮೇಲಿನ ಪಟ್ಟಿ ಎಟುಕದು, ಕೆಳಗಿನದು ಒಗ್ಗದು. “ಪೇಟಿಗಿ ನಾ ಬ್ಯಾಡಾಗೀನಿ” ಎಂದು ಮನೆಯಲ್ಲೇ ಕುಳಿತುಬಿಟ್ಟರು. ಮೇಳದ ಹಾಡೂ ನಿಂತಿತು.

ಸುಮಲತಾ ಮೊದಲು ಮಾಡಿದ್ದು ಎಡವಟ್ಟು. ಆಯಿಯ ಹಾಡನ್ನು ಫೋನಿಗೆ ತುಂಬಿಕೊಂಡು, ಕಂಪ್ಯೂಟರಿನಲ್ಲಿ ಒಂದೊಂದು ಸ್ವರವನ್ನೂ ಪಟ್ಟಿಗೆ ಎಳೆದು ಕೂರಿಸಿ, ಓಡಿಹೋಗಿ ಕೇಳಿಸಿದಳು. ಆಯಿ ಕೊನೆತನಕ ಕೇಳಿದರು.

“ಛಂದ ಹಾಡ್ಯಾಳ. ಯಾರಾಕಿ?”

“ಅವತ್ತ ಊಟ ಸೇರಲಿಲ್ರಿ,” ಎನ್ನುತ್ತಾಳೆ ಸುಮಲತಾ. “ಆಯಿನ್ನ ಯಾಕ ಎಳೀಬೇಕು, ಪೇಟಿನ್ನೇ ಎಳದ್ರ ಆತಲ್ಲ ಅಂತ ಆಮ್ಯಾಲ ಹೊಳೀತು.”

ಎರಡು ಪಟ್ಟಿಗಳ ನಡುವಿನ ಅಂತರವನ್ನು ನೂರು ಚೂರು ಮಾಡಿ, ಬೇಕಾದ ಚೂರಿನ ಮೇಲೆ ಇಡೀ ಪೇಟಿಯನ್ನು ನಿಲ್ಲಿಸುವಂತೆ ಪ್ರೋಗ್ರಾಂ ಬರೆದಳು. ಆಯಿಗೆ ನೆಗಡಿಯಾದರೆ ಪೇಟಿಯೂ ಇಳಿಯುತ್ತದೆ; ಬಿಸಿ ಚಹಾ ಕುಡಿದು ಬಂದರೆ ಒಂದೆರಡು ಚೂರು ಏರುತ್ತದೆ. “ಈ ಪೇಟಿ ನನ್ನ ಗಂಡಗಿಂತ ಪಾಡ, ಹೇಳಿದ್ದ ಕೇಳ್ತದ,” ಎನ್ನುತ್ತಾರೆ ಆಯಿ.

ಇವತ್ತು ಯಾದಗಿರಿಯಿಂದ ಶಾಂತಕುಮಾರ ಬಂದು ಕುಳಿತಿದ್ದಾರೆ. ಅವರದು ಹಾಡು ಮುದ್ರಿಸುವ ಸ್ಟುಡಿಯೋ. ಹಾಡು ಮುಗಿಯುತ್ತಲೇ ಲ್ಯಾಪ್‌ಟಾಪಿನ ಹತ್ತಿರ ಸರಿಯುತ್ತಾರೆ.

“ಹಾಡು ಭಾರಿ ಅದ ತಂಗಿ. ಆದ್ರ ಬ್ಯಾರೆ ವಾದ್ಯ ಕೂಡಸ್ಬೇಕಂದ್ರ ಆಯಿ ದನಿ ಪಟ್ಟಿಗಿ ಬರ್ಬೇಕು. ನಿನಗ ಆ ಕೆಲಸ ಬರ್ತದ, ನೀನೇ ನೆಟ್ಟಗ ಮಾಡಿಕೊಡು. ಸ್ಟುಡಿಯೋದಾಗ ಖಾಯಂ ನೌಕರಿ ಕೊಡ್ತೀನಿ, ಹಾಡಿನ ಮ್ಯಾಲ ನಿನ್ನ ಹೆಸರೂ ಹಾಕ್ತೀನಿ.”

ಮಲ್ಲಾಬಾಯಿ ಮುಂದಿನ ಹಾಡಿಗೆ ಗಂಟಲು ಸರಿಮಾಡಿಕೊಳ್ಳುತ್ತಿದ್ದಾರೆ. ಸುಮಲತಾಳ ಬೆರಳು ಅಂಕಿಯ ಮೇಲೆ ಕಾಯುತ್ತಿದೆ.

“ಒಲ್ಲೆರಿ,” ಎನ್ನುತ್ತಾಳೆ, ತಲೆ ಎತ್ತದೆ.