ಗೋಡೆಯ ಮೇಲಿನ ಶೀತವಲಯ

೧೯೯೧ರಲ್ಲಿ ನನ್ನ ಓದು ನಿಂತಿತು. ಏಳನೇ ತರಗತಿ ಪಾಸಾಗಿದ್ದೆ, ಫೇಲಾಗಿ ಬಿಟ್ಟವನಲ್ಲ. ಮನೆಯಲ್ಲಿ ದುಡಿಯುವವರು ಬೇಕಿತ್ತು, ಶಹಾಪುರದ ಒಬ್ಬ ಪೇಂಟರನಿಗೆ ಬಣ್ಣ ಕಲಸುವ ಆಳು ಬೇಕಿತ್ತು. ಅಂದಿನಿಂದ ನಾನು ಅಕ್ಷರ ಓದಿದ್ದಕ್ಕಿಂತ ಬರೆದದ್ದೇ ಹೆಚ್ಚು. ಸುರಪುರದಿಂದ ಯಾದಗಿರಿಯವರೆಗೆ ಬಸ್ಸಿನ ಕಿಟಕಿಯಿಂದ ಕಾಣುವ ಗೋಡೆಗಳಲ್ಲಿ ಬೀಜ, ಗೊಬ್ಬರ, ಸಿಮೆಂಟು, ಟೈರಿನ ಅಂಗಡಿ ಎಂದು ಬರೆದವುಗಳಲ್ಲಿ ಬಹಳಷ್ಟು ನನ್ನ ಕೈಯವು. ಕೈ ಇನ್ನೂ ನಡುಗುವುದಿಲ್ಲ. ಸೋತಿರುವುದು ಮೊಣಕಾಲು. ಇಷ್ಟು ವರ್ಷ ಏಣಿಯ ಮೆಟ್ಟಿಲ ಮೇಲೆ ನಿಂತ ಕಾಲು, ಈಗ ಮೂರನೇ ಮೆಟ್ಟಿಲಿಗೆ ಬಂದರೆ ನಡುಗಿ ವಾಪಸ್ ಇಳಿಸುತ್ತದೆ.

ಫ್ಲೆಕ್ಸ್ ಬಂದ ಮೇಲೆ ಅಂಗಡಿಯವರು ನನ್ನನ್ನು ಬಿಟ್ಟರು. ಉಳಿದದ್ದು ಶಾಲೆಯ ಗೋಡೆಗಳು. ಕಳೆದ ಬೇಸಿಗೆಯಲ್ಲಿ ಸಗರದ ಆಚೆಗಿನ ಒಂದು ಹಳ್ಳಿಯಿಂದ ಶಾಲೆಯ ದೊಡ್ಡ ಮೇಡಂ ಕರೆ ಕಳಿಸಿದರು. ರಸ್ತೆ ಕಡೆಯ ಪಡುವಣ ಗೋಡೆ ತೋರಿಸಿ, ಜಗತ್ತಿನ ಹವಾಮಾನ ವಲಯಗಳ ನಕಾಶೆ ಬೇಕು, ಯಾವ ವಲಯದಲ್ಲಿ ಯಾವ ಗಿಡಮರ ಅನ್ನುವುದೂ ಅದರಲ್ಲಿ ಕಾಣಬೇಕು ಎಂದು ಭೂಗೋಳದ ಪುಸ್ತಕ ಕೈಗಿಟ್ಟರು.

"ಪೇಂಟರ್ರ, ಸಾಲಿ ಶುರು ಆಗೋದ್ರೊಳಗ ಮುಗೀಬೇಕು ನೋಡ್ರಿ. ಆಗಂಗಿಲ್ಲಂದ್ರ ಈಗೇ ಹೇಳ್ರಿ, ಫ್ಲೆಕ್ಸ್ ಮಾಡಿಸಿ ಬಡಿಸಿಬಿಡ್ತೀನಿ."

"ನಾ ಇರೂತನಕ ಫ್ಲೆಕ್ಸ್ ಯಾಕ್ರಿ ಮೇಡಂ," ಅಂದೆ.

ಅಂದದ್ದೇನೋ ಅಂದೆ. ಗೋಡೆ ಎತ್ತರದ್ದು. ಏಣಿ ಏರಲಾರದ ಪೇಂಟರ್ ಅಂತ ಒಂದು ಶಾಲೆಗೆ ಗೊತ್ತಾದರೆ ಇನ್ನೊಂದು ಶಾಲೆ ಕರೆಯುವುದಿಲ್ಲ. ಮೇಡಂಗಳು ಒಬ್ಬರಿಗೊಬ್ಬರು ಫೋನು ಮಾಡುತ್ತಾರೆ. ಆಮೇಲೆ ನಾನು ಯಾರ ಮನೆಯ ಕಂಪೌಂಡಿಗೋ ಸುಣ್ಣ ಬಳಿಯುವ ಆಳು, ಅಷ್ಟೆ. ಹಾಗಾಗಿ ಕಾಲಿನ ಸುದ್ದಿ ಬಾಯಿಬಿಡಲಿಲ್ಲ.

ಪುಸ್ತಕದ ಪುಟದ ಮೇಲೆ ಪೆನ್ಸಿಲಿನ ಚೌಕ ಹಾಕುವುದು, ಕೆಮ್ಮಣ್ಣಿನಲ್ಲಿ ಅದ್ದಿದ ದಾರವನ್ನು ಗೋಡೆಗೆ ಬಿಗಿಹಿಡಿದು ಮೀಟಿ ಅಷ್ಟೇ ಚೌಕ ಎಬ್ಬಿಸುವುದು, ಆಮೇಲೆ ಒಂದೊಂದೇ ಚೌಕ ನೋಡಿ ದೇಶ ಎಳೆಯುವುದು. ಇದು ನನ್ನ ಪದ್ಧತಿ. ದಾರದ ಮೇಲಿನ ತುದಿ ಹಿಡಿಯಲು ಹೆಂಡತಿ ಹೊಲದ ಕೂಲಿ ಬಿಟ್ಟು ಬಂದಳು. ಮೇಲಿನ ಗೆರೆಗಳನ್ನು ಉದ್ದನೆಯ ತೊಗರಿ ಕಟ್ಟಿಗೆಯ ತುದಿಗೆ ಇದ್ದಿಲು ಕಟ್ಟಿ, ನೆಲದ ಮೇಲೆ ನಿಂತೇ ಹೇಗೋ ಎಳೆದೆ. ಬಣ್ಣಕ್ಕೆ ಆ ಉಪಾಯ ನಡೆಯುವುದಿಲ್ಲ. ಬಣ್ಣ ಸೋರುತ್ತದೆ, ಅದಕ್ಕೇ ಎಲ್ಲ ಪೇಂಟರೂ ಮೇಲಿನಿಂದ ಶುರು ಮಾಡುತ್ತಾರೆ. ನಾನು ಎದೆಯ ಮಟ್ಟದಿಂದ ಶುರು ಮಾಡಿದೆ.

ಎದುರಿನ ಚಹಾದಂಗಡಿಯವನು ಅಲ್ಲಿಂದಲೇ ಕೂಗಿದ: "ಏನ್ರಿ ಪೇಂಟರ್ರ, ನಡುವಿಗಿ ಶುರು ಹಚ್ಚೀರಿ? ಭೂಮಿಗಿ ಲುಂಗಿ ಉಡಸಾಕತ್ತೀರೇನು?"

"ಇದು ಭೂಮಧ್ಯರೇಖಾ ಅದ. ಜಗತ್ತು ಇಲ್ಲಿಂದನ ಶುರು ಆಗ್ತದ. ನೀ ಚಾ ಕಾಸಪ."

ಬೆಳಿಗ್ಗೆ ಆ ಗೋಡೆಗೆ ನೆರಳು. ಮಧ್ಯಾಹ್ನ ದಾಟಿದರೆ ಕುಂಚದಲ್ಲೇ ಬಣ್ಣ ಒಣಗುತ್ತದೆ. ದಿನಾ ಮಳೆ ಬೀಳುವ, ಬಿಸಿಲು ನೆಲ ಮುಟ್ಟದಷ್ಟು ದಟ್ಟ ಮರಗಳಿರುವ ದೇಶಗಳಿಗೆ ಹಸಿರು ಬಳಿಯುತ್ತ ನನ್ನ ಬಾಯಿ ಒಣಗುತ್ತಿತ್ತು. ಅದರ ಅಕ್ಕಪಕ್ಕ ಸವನ್ನಾ: ಎತ್ತರದ ಹುಲ್ಲು, ನಡುನಡುವೆ ಕೊಡೆಯಂಥ ಗಿಡ. ಅದಕ್ಕೆ ಪುಸ್ತಕ ನೋಡಬೇಕಾಗಲಿಲ್ಲ. ನಮ್ಮ ಜಾಲಿಯ ತಲೆಯನ್ನು ಸ್ವಲ್ಪ ಒತ್ತಿದರೆ ಸಾಕು. ಮರುಭೂಮಿ ಬೇಗ ಮುಗಿಯಿತು. ಅಲ್ಲಿ ಮುಳ್ಳು, ಕಳ್ಳಿ, ನೀರಿದ್ದಲ್ಲಿ ಖರ್ಜೂರ. ಆಮೇಲೆ ನಮ್ಮ ಮಾನ್ಸೂನ್ ವಲಯ. ಮಲೆನಾಡಿಗೂ ನಮಗೂ ಒಂದೇ ಬಣ್ಣ. 'ಎಲೆ ಉದುರುವ ಕಾಡು' ಎಂದು ಬರೆದು ಹೆಂಡತಿಗೆ ಓದಿ ಹೇಳಿದೆ.

"ನಮ್ ಕಡಿ ಕಾಡು ಎಲ್ಲದ?" ಅಂದಳು.

"ಪುಸ್ತಕದಾಗ ಅದ."

"ಪುಸ್ತಕದಾಗಿನ ನೆಳ್ಳಿಗಿ ಕುಂದ್ರೂನು ಬರ್ರಿ ಹಂಗಾದ್ರ."

ನಗುವಷ್ಟು ತ್ರಾಣ ನನಗಿರಲಿಲ್ಲ. ಸ್ಟೂಲಿನ ಮೇಲೆ ನಿಂತು ಎಟುಕುವಷ್ಟು ಆಯಿತು. ಮೇಲೆ ಉಳಿದದ್ದು ರಷ್ಯಾ, ಕೆನಡಾ, ಅದರಾಚೆಗಿನ ಹಿಮ. ಶಾಲೆ ಶುರುವಾಗಲು ಕೆಲವೇ ದಿನ. ಒಂದು ಮುಂಜಾನೆ ಹಲ್ಲು ಕಚ್ಚಿ ಏಣಿ ಹತ್ತಿದೆ. ಅದೇ ಮೂರನೇ ಮೆಟ್ಟಿಲು. ಅವಳು ಕೆಳಗಿನಿಂದ ನನ್ನ ನಡು ಹಿಡಿದು ಇಳಿಸಿಕೊಂಡಳು. ಸೀರೆಯ ಕಚ್ಚೆ ಬಿಗಿದು, ಕುಂಚ ಕಿತ್ತುಕೊಂಡು ತಾನೇ ಏರಿದಳು. ನನ್ನ ಗೋಡೆಗೆ ಇನ್ನೊಬ್ಬರ ಕುಂಚ ತಾಗಿದ್ದು ಅದೇ ಮೊದಲು.

"ಏನಿರ್ತಾವ ಇಲ್ಲಿ?"

"ಚಳಿ ದೇಶದ ಗಿಡ. ಕೆಳಗ ಅಗಲ, ಮ್ಯಾಲ ಚೂಪು. ಸಾಲಾಗಿ ತಗಿ," ಅಂದು, ಪುಸ್ತಕ ಕಂಕುಳಲ್ಲಿಟ್ಟುಕೊಂಡು ಕೆಳಗೆ ಆಸ್ಟ್ರೇಲಿಯಾದ ಹುಲ್ಲುಗಾವಲಿಗೆ ಕೂತೆ. ತಲೆ ಎತ್ತಿ ನೋಡಲಿಲ್ಲ. ಹತ್ತಿರದಿಂದ ನೋಡಿದರೆ ಗೋಡೆ ತಿಳಿಯುವುದೂ ಇಲ್ಲ. ರಸ್ತೆ ದಾಟಿ ನೋಡಬೇಕು.

ರಸ್ತೆಯ ಆಚೆ ಬಸ್ಸಿಳಿದ ಮೇಡಂ ನನಗಿಂತ ಮೊದಲು ನೋಡಿದರು. ಏಣಿಯ ಮೇಲೆ ಹೆಂಡತಿ, ನೆಲದ ಮೇಲೆ ನಾನು. ಅವರು ಗೋಡೆಯನ್ನೇ ನೋಡುತ್ತ ನಿಂತರು, ಆಮೇಲೆ ನಗತೊಡಗಿದರು.

"ಪೇಂಟರ್ರ, ರಷ್ಯಾದ ತುಂಬ ಬಣವಿ ಒಟ್ಟೀರಲ್ರಿ! ಹಗ್ಗಾನೂ ಬಿಗದೀರಿ."

ಎದ್ದು ರಸ್ತೆ ದಾಟಿ ನೋಡಿದೆ. ಹೌದು. ಸುಗ್ಗಿ ಮುಗಿದ ಮೇಲೆ ನಮ್ಮ ಕಣದ ಪಕ್ಕದಲ್ಲಿ ಜೋಳದ ಸೊಪ್ಪೆಯನ್ನು ಹೇಗೆ ಒಟ್ಟುತ್ತಾರೋ ಹಾಗೆಯೇ, ಹೊಟ್ಟೆ ದಪ್ಪ, ತಲೆ ಚೂಪು. ಕೊಂಬೆಗಳೆಂದು ಅವಳು ಎಳೆದ ಅಡ್ಡಗೆರೆಗಳು ಗಾಳಿಗೆ ಹಾರದಂತೆ ಬಿಗಿದ ಹಗ್ಗಗಳು. ಚೂಪು ತಲೆಯದೆಂದರೆ ಅವಳು ಕಂಡದ್ದು ಬಣವಿ, ಅದನ್ನೇ ತೆಗೆದಿದ್ದಳು.

"ಮ್ಯಾಲ ಅವ್ವಾರ್ನ ಯಾಕ ಏರಿಸೀರಿ?" ಮೇಡಂ ಕೇಳಿದರು.

ಚಹಾದಂಗಡಿಯವನೂ ಕೇಳಿಸಿಕೊಳ್ಳುತ್ತಿದ್ದ. ಏನಾದರೂ ನೆಪ ಹುಡುಕಬಹುದಿತ್ತು. ದಣಿವಾಗಿತ್ತು.

"ಮೊಣಕಾಲು ಏಣಿ ಏರಗೊಡಂಗಿಲ್ರಿ ಮೇಡಂ."

"ಯಾವಾಗಿಂದ?"

"ಭಾಳ ದಿನ ಆತ್ರಿ."

ಫ್ಲೆಕ್ಸಿನ ಮಾತು ಈಗ ಬರುತ್ತದೆ ಎಂದು ಕಾದೆ. ಅಷ್ಟರಲ್ಲಿ ಏಣಿಯ ಮೇಲಿನಿಂದ ಅವಳೇ ಶುರು ಮಾಡಿದಳು.

"ಆ ಗಿಡ ನನಗ್ಯಾರು ತೋರಿಸ್ಯಾರ್ರಿ ಮೇಡಂ? ಇವರು ಬಾಯಿಲೆ ಹೇಳಿ ಬುಕ್ಕ ಕಂಕುಳಾಗ ಇಟ್ಕೊಂಡ್ ಕುಂತ್ರು. ಮಾರಿ ನೋಡ್ದೆ ಹೆಣ್ಣು ಗೊತ್ತು ಮಾಡ್ದಂಗ!"

ಮೇಡಂ ನನ್ನ ಕಂಕುಳಿನಿಂದ ಪುಸ್ತಕ ಎಳೆದುಕೊಂಡು, ರಸ್ತೆ ದಾಟಿ ಹೋಗಿ ಏಣಿಗೆ ಚಾಚಿದರು. "ತಗೋರಿ, ನೋಡಿ ತಗೀರಿ. ಪೇಂಟರ್ರ, ನೀವು ರಸ್ತಾದಾಚಿ ನಿಂತು ಹೇಳ್ರಿ. ನನಗ ಗೋಡಿ ಬೇಕು, ಯಾರ್ ಏರಿದ್ರ ಏನು. ಸಾಲಿ ಶುರು ಆಗೋದ್ರೊಳಗ ಅಂದೀನಿ, ಅದು ಮರೀಬ್ಯಾಡ್ರಿ."

ರಸ್ತೆಯ ಆಚೆ ನಿಂತೆ. ದಪ್ಪ ಕಡಿಮೆ ಮಾಡು, ಅಂಚಿಗೆ ಹಲ್ಲು ತೆಗೆ, ಎಡಕ್ಕೆ, ಇನ್ನೂ ಎಡಕ್ಕೆ. ಕೂಗಿ ಕೂಗಿ ಗಂಟಲು ಹೋಯಿತು. ಲಾರಿ ಬಂದಾಗ ಇಬ್ಬರೂ ಸುಮ್ಮನಾಗುತ್ತಿದ್ದೆವು. ಒಂದೊಂದೇ ಬಣವಿ ಗಿಡವಾಯಿತು. ಎಲ್ಲಕ್ಕಿಂತ ಮೇಲಿನ ಟಂಡ್ರಾದಲ್ಲಿ ಮರವೇ ಇಲ್ಲ, ಪಾಚಿ ಮಾತ್ರ ಎಂದು ಕೂಗಿದಾಗ ಅವಳು ಕುಂಚ ಬಿಟ್ಟು ಹಳೆಯ ಅರಿವೆಯನ್ನು ಬಣ್ಣದಲ್ಲಿ ಅದ್ದಿ ಒತ್ತತೊಡಗಿದಳು. ನನ್ನನ್ನು ಕೇಳಲಿಲ್ಲ. ನಾನಾದರೆ ಹಾಗೆ ಮಾಡುತ್ತಿರಲಿಲ್ಲ. ನೋಡಿದರೆ ಪಾಚಿಯಂತೆಯೇ ಇತ್ತು.

ಶಾಲೆ ಶುರುವಾಗುವ ಹಿಂದಿನ ದಿನ ಮುಗಿಯಿತು. ಶಹಾಪುರದ ಬಸ್ಸಿನಲ್ಲಿ ಅವಳು ಕೂತಲ್ಲೇ ನಿದ್ದೆ ಹೋದಳು. ನನಗೆ ನಿದ್ದೆ ಬರಲಿಲ್ಲ. ಕಿಟಕಿಯಾಚೆ ನನ್ನ ಹಳೆಯ ಗೋಡೆಗಳು ಬರುತ್ತಿದ್ದವು; ನೋಡುವ ಮನಸ್ಸಾಗಲಿಲ್ಲ. ಆಮೇಲೆ ಹುಣಸಗಿ ಕಡೆಯ ಒಂದು ಶಾಲೆಯವರು ನನಗೆ ಫೋನು ಮಾಡಿದರು, ಮೇಡಂ ನಮ್ಮ ವಿಷಯ ಹೇಳಿದ್ದರಂತೆ: "ನೀವಿಬ್ರೂ ಬರ್ತೀರೇನ್ರಿ?" ಬರುತ್ತೇವೆ ಅಂದೆ.

ಈಗ ನನ್ನ ಬಳಿ ಇರುವುದು ಇಷ್ಟು: ಏಣಿ ಎರಡು, ಕುಂಚ ಹನ್ನೊಂದು, ಒಪ್ಪಿಕೊಂಡ ಗೋಡೆ ಒಂದು. ಏಣಿ ಏರುವ ಕಾಲು ಎರಡು, ಅವು ಅವಳವು.