ಇಟ್ಟಿಗೆ ನೆನೆಹಾಕಿದ ಮೇಸ್ತ್ರಿ

ಮೇಸ್ತ್ರಿಯವರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಸುಣ್ಣ, ಸಿಮೆಂಟು ತಿಂದುಹಾಕಿತ್ತು. ಆ ಬೋಳು ಬೆರಳಿನಿಂದ ನಮ್ಮ ಹಿಂದಿನ ಕೋಣೆಯ ಮಣ್ಣಿನ ಗೋಡೆಯನ್ನು ಮೆಲ್ಲಗೆ ಒತ್ತಿ, "ಮಕ್ಕಳನ್ನ ಇವತ್ತಿಂದ್ಲೇ ನಡುಮನೇಲಿ ಮಲಗ್ಸಮ್ಮ" ಎಂದರು. ಆ ಗೋಡೆ ಇನ್ನೊಂದು ಮಳೆಗೆ ನಿಲ್ಲುವುದಿಲ್ಲ ಎಂದರ್ಥ. ಮಕ್ಕಳೆಂದರೆ ನೀವಿಬ್ಬರೇ. ನಿಮ್ಮಮ್ಮ ನರಸಾಪುರದ ಕಂಪನಿಗೆ ಶಿಫ್ಟಿಗೆ ಹೋಗುವಾಗ ನಿಮ್ಮನ್ನು ಅಜ್ಜಿಯಾದ ನನ್ನ ಕೈಗೆ ಒಪ್ಪಿಸಿದ್ದಳು. ಮಳೆಗಾಲಕ್ಕೆ ತಿಂಗಳೂ ಉಳಿದಿರಲಿಲ್ಲ.

ಶ್ರೀನಿವಾಸಪುರದಿಂದ ಬಸ್ಸಿನಲ್ಲಿ ಬರುತ್ತಿದ್ದ ಅವರು, ಬೇಗ ಮಾಡಿ ಎಂದರೆ ತಮ್ಮ ತೆಲುಗಿನಲ್ಲಿ "ನಿದಾನಂ, ನಿದಾನಂ" ಎನ್ನುತ್ತಿದ್ದರು. ಹೊಸ ಗೋಡೆಯನ್ನು ಯಾವುದರಲ್ಲಿ ಕಟ್ಟುವುದೆಂದು ಅಂಗಳದಲ್ಲಿ ಕೂತು ಒಂದೊಂದನ್ನೇ ಅಳೆದು ತೂಗಿದರು. ಕಲ್ಲು ಗಟ್ಟಿ, ನಮ್ಮ ಕಡೆ ಬೆಲೆಯೂ ಕಮ್ಮಿ. ಆದರೆ ಹಳೆಯ ಪಾಯ ಅಷ್ಟು ಭಾರ ತಾಳದು. ಸಿಮೆಂಟ್ ಬ್ಲಾಕು ಬೇಗ ಏಳುತ್ತದೆ. ಆದರೆ ಮೇಲೆ ಶೀಟಿನ ಸೂರು, ಬೇಸಿಗೆಯಲ್ಲಿ ಮಕ್ಕಳು ಬೇಯುತ್ತಾರೆ. ಲಾರಿ ಬಾಡಿಗೆ ಜಾಸ್ತಿಯಾದರೂ ಚೆನ್ನಾಗಿ ಸುಟ್ಟ ಮಾಲೂರಿನ ಇಟ್ಟಿಗೆಯೇ ಸರಿ, ಒಂದೇ ಗೋಡೆ ತಾನೆ ಎಂದರು.

ಅಷ್ಟರಲ್ಲಿ ನನ್ನ ಮೈದುನ, ನಿಮ್ಮ ಚಿಕ್ಕತಾತ, ನನ್ನನ್ನು ಕೇಳದೆ ಪಕ್ಕದೂರಿನ ಗೂಡಿನಿಂದ ಒಂದು ಟ್ರ್ಯಾಕ್ಟರ್ ಇಟ್ಟಿಗೆ ಇಳಿಸಿಬಿಟ್ಟರು. ನೋಡಲು ಕೆಂಪಗೆ ಚೆನ್ನಾಗಿದ್ದವು. ನಿಮ್ಮ ತಾತ ಹೋದಮೇಲೆ ಈ ಮೈದುನನ ಮಾತಿಗೆ ನಾನು ಎದುರಾಡಿದ್ದೇ ಇಲ್ಲ. ಮೇಸ್ತ್ರಿ ಎರಡು ಇಟ್ಟಿಗೆಯನ್ನು ಬಕೆಟ್ಟಿನಲ್ಲಿ ನೆನೆಹಾಕಿ, ಶೀಟಿಗೆ ಕಂಬ ಕೊಟ್ಟು ಹಳೆ ಗೋಡೆ ಬಿಚ್ಚತೊಡಗಿದರು.

ಮೂರನೆಯ ದಿನ ಕರೆದು ತೋರಿಸಿದರು. ಇಟ್ಟಿಗೆಯ ಮೈತುಂಬ ಬಿರುಕು, ಅಲ್ಲಲ್ಲಿ ಬಿಳಿಯ ಕಾಳು ಉಬ್ಬಿ ಹೊರಬಂದಿತ್ತು. ಕೆರೆಮಣ್ಣಿನಲ್ಲಿದ್ದ ಸುಣ್ಣಕಲ್ಲು ಹೆಕ್ಕಿ ತೆಗೆಯದೆ ಸುಟ್ಟಿದ್ದರಂತೆ. ಅದು ನೀರು ಕುಡಿದರೆ ಅರಳಿ ಇಟ್ಟಿಗೆಯನ್ನೇ ಸೀಳುತ್ತದಂತೆ.

ಮೈದುನ ನಕ್ಕರು. "ಏನ್ ಮೇಸ್ತ್ರಿ, ಇಟ್ಟಿಗೇನ ಹೆಸರುಕಾಳು ಅಂದ್ಕೊಂಡ್ಯಾ, ನೆನೆಹಾಕೋಕೆ? ಪ್ಲಾಸ್ಟರ್ ಹೊಡೆದ್ರೆ ಯಾವ್ದೂ ಕಾಣಲ್ಲ, ಕಟ್ಟು."

ಮೇಸ್ತ್ರಿ ನನ್ನ ಕಡೆ ತಿರುಗಿದರು. "ಕಾಣಲ್ಲ, ನಿಜ. ಪಕ್ಕದಲ್ಲಿ ಮಲಗೋದು ನಿನ್ನ ಮೊಮ್ಮಕ್ಕಳು. ಇದ್ರಲ್ಲೇ ಕಟ್ಟು ಅಂದ್ರೆ ನಾನು ಬಸ್ಸಿಗೆ ಹೋಗ್ತೀನಿ. ನೀನೇ ಹೇಳಮ್ಮ."

ಹಿಂದೆ ಗೋಡೆ ಬಿಚ್ಚಿದ ಮನೆ, ಎದುರಿಗೆ ಮೈದುನ, ಮೇಲೆ ಮೋಡ. ಮೇಸ್ತ್ರಿಯ ಮೇಲೇ ಸಿಟ್ಟು ಬಂತು. ಬೇಡ ಅನ್ನುವುದನ್ನು ಅವರೇ ಅಂದುಬಿಡಬಾರದೆ? ಸೆರಗಿನ ತುದಿ ಹಿಂಡುತ್ತ, "ಇವು ಬೇಡ, ವಾಪಸ್ ಕಳಿಸಿ" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಮೈದುನ ಆ ವರ್ಷವೆಲ್ಲ ನಮ್ಮ ಹೊಸ್ತಿಲು ತುಳಿಯಲಿಲ್ಲ.

ಮಾಲೂರಿನ ಲಾರಿಗಿಂತ ಮೊದಲು ಮಳೆಯೇ ಬಂತು. ಮೇಸ್ತ್ರಿ ಟಾರ್ಪಾಲು ಕಟ್ಟಿ, ಅದರಡಿಯಲ್ಲೇ ಗೋಡೆ ಏರಿಸಿದರು. ನೀವು ಆ ಕೋಣೆಗೆ ಮರಳಿದ ಮೇಲೂ ಬಹಳ ದಿನ ನಾನು ಗೋಡೆಗೂ ನಿಮಗೂ ನಡುವೆ ಮಲಗುತ್ತಿದ್ದೆ.

ಹೋದ ವರ್ಷ ಆ ಮೇಸ್ತ್ರಿ ತೀರಿಕೊಂಡರು. ನಮ್ಮಿಬ್ಬರನ್ನೂ ಶ್ರೀನಿವಾಸಪುರಕ್ಕೆ ಯಾಕೆ ಕರೆದುಕೊಂಡು ಹೋಗ್ತಿದ್ದೀಯ ಎಂದು ನೀವು ಬಸ್ಸಿನಲ್ಲಿ ಕೇಳುತ್ತಲೇ ಇದ್ದಿರಿ. ಅವರ ಹೆಂಡತಿಯ ಎದುರು ಏನು ಮಾತಾಡಬೇಕೋ ನನಗೆ ತಿಳಿಯುತ್ತಿರಲಿಲ್ಲ. ಅದಕ್ಕೇ ಆ ಗೋಡೆಯ ಪಕ್ಕದಲ್ಲಿ ಮಲಗಿ ಬೆಳೆದ ನಿಮ್ಮನ್ನು ಆಕೆಯ ಮುಂದೆ ನಿಲ್ಲಿಸಿದೆ.