ಮಗುಚಿ ಹಾಕದ ಮೀನು

ಚಂಪಾಳ ಬಲಗೈ ಮುರಿದದ್ದು ಠಾಣೆ ನಗರದ ರೈಲು ಸ್ಟೇಷನ್ನಿನಲ್ಲಿ. ಅವಳು ನೆರೂಳಿನ ಒಂದು ಜೂನಿಯರ್ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಲ್ಯಾಬ್ ಸಹಾಯಕಿ. ವರ್ಷಗಟ್ಟಲೆ ಅದೇ ಗಾಡಿ, ಅದೇ ಲೇಡೀಸ್ ಡಬ್ಬಿ. ಆ ಸಂಜೆ ಗಾಡಿ ಪೂರ್ತಿ ನಿಲ್ಲುವ ಮೊದಲೇ ಹತ್ತುವವರು ಒಳಗೆ ನುಗ್ಗಿದರು. ಬಾಗಿಲಲ್ಲಿ ಇಳಿಯಲು ನಿಂತಿದ್ದ ಚಂಪಾ ಆಯತಪ್ಪಿ ಪ್ಲಾಟ್‌ಫಾರ್ಮಿನ ಮೇಲೆ ಬಿದ್ದಳು. ಮೈಭಾರವೆಲ್ಲ ಬಲಗೈಯ ಮಣಿಕಟ್ಟಿನ ಮೇಲೆ ಬಿತ್ತು.

ಆಪರೇಷನ್ ಆಯಿತು, ಒಳಗೆ ಪ್ಲೇಟ್ ಹಾಕಿದರು, ಮೂಳೆ ಕೂಡಿಕೊಂಡಿತು. ಆದರೆ ನರಕ್ಕೂ ಏಟು ಬಿದ್ದಿದ್ದರಿಂದ ಬೆರಳುಗಳು ಪೂರ್ತಿ ಮಡಚಲಿಲ್ಲ. ಹಿಡಿದ ವಸ್ತು ಕೈಯಲ್ಲಿ ನಿಲ್ಲುತ್ತಿರಲಿಲ್ಲ. ವ್ಯಾಯಾಮ ಬಿಡಬೇಡಿ, ಇನ್ನೂ ಸ್ವಲ್ಪ ಸುಧಾರಿಸಬಹುದು, ಮೊದಲಿನಂತಾಗುತ್ತದೆ ಎಂದು ಮಾತ್ರ ಹೇಳಲಾರೆ ಅಂದರು ಡಾಕ್ಟರು. ಕಾಲೇಜಿನವರು ಒಳ್ಳೆಯವರು. ಗಾಜಿನ ಸಾಮಾನು, ಆಸಿಡ್ಡಿನ ಬಾಟಲಿಗಳ ಕೆಲಸವನ್ನು ಬೇರೆಯವರಿಗೆ ವಹಿಸಿ ಅವಳನ್ನು ಸ್ಟೋರಿನಲ್ಲಿ ಕೂರಿಸಿದರು. ಅದಕ್ಕೆ ಚಂಪಾ ಹೇಗೋ ಹೊಂದಿಕೊಂಡಳು. ಮನೆಯ ಅಡುಗೆಮನೆಗೆ ಹೊಂದಿಕೊಳ್ಳುವುದು ಮಾತ್ರ ಆಗಲಿಲ್ಲ.

ಅವಳು ಕರಾವಳಿಯ ಕಾಪುವಿನ ಕಡೆಯವಳು. ಮದುವೆಯಾಗಿ ಬಂದಾಗ ಠಾಣೆಯ ಪಕ್ಕದ ಕಳವಾ ಎಂಬಲ್ಲಿ ಒಂದೇ ಕೋಣೆಯ ಸಂಸಾರ. ಗಂಡ ಅಂಗಾರ ಆಗ ಠಾಣೆಯ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಸಪ್ಲೈಯರ್. ಈಗ ಅದೇ ಹೋಟೆಲಿನ ಮ್ಯಾನೇಜರ್. ದಿನವಿಡೀ ಸಾಂಬಾರಿನ ವಾಸನೆಯಲ್ಲೇ ಕೂತವನಿಗೆ ಮನೆಗೆ ಬಂದರೆ ಮೀನು ಬೇಕು. ಆ ಒಂದೇ ಕೋಣೆಯಲ್ಲಿ, ಸೀಮೆಎಣ್ಣೆ ಸ್ಟವ್ವಿನ ಮೇಲೆ ಕಾವಲಿ ಇಟ್ಟು ಚಂಪಾ ಬಂಗುಡೆ ಹುರಿದರೆ ಅಕ್ಕಪಕ್ಕದವರು ಏನೋ ನೆಪ ಮಾಡಿಕೊಂಡು ಬಾಗಿಲಿಗೆ ಬರುತ್ತಿದ್ದರು. ವರ್ತಕ ನಗರದ ಈ ಫ್ಲ್ಯಾಟಿಗೆ ಬಂದ ಮೇಲೂ ನೆಂಟರು ಅವಳ ನೆನಪು ತೆಗೆಯುತ್ತಿದ್ದದ್ದು ಆ ಬಂಗುಡೆಯಿಂದಲೇ. ಮಸಾಲೆ ಉದುರದ ಹಾಗೆ, ತೊಗಲು ಹರಿಯದ ಹಾಗೆ ಮೀನನ್ನು ಒಂದೇ ಏಟಿಗೆ ಮಗುಚಿ ಹಾಕುವುದು ಅವಳ ಕೈಗೆ ಸಿದ್ಧಿಸಿತ್ತು.

ಈಗ ಆಗದೆ ಹೋದದ್ದು ಅದೊಂದೇ. ಎಡಗೈಯಿಂದ ತೆಂಗಿನ ತುರಿಯನ್ನು ಮಿಕ್ಸಿಗೆ ಹಾಕಬಹುದು, ಹುಳಿ ಕಿವುಚಬಹುದು, ಅನ್ನ ಬಸಿಯದೆ ಕುಕ್ಕರಿನಲ್ಲಿ ಮಾಡಬಹುದು. ನೀರುದೋಸೆಯೂ ಆಗುತ್ತಿತ್ತು, ಅದನ್ನು ಮಗುಚುವುದಿಲ್ಲವಲ್ಲ. ಆದರೆ ಮೀನು ಮಗುಚಬೇಕಾದರೆ ಒಂದು ಕೈ ಕಾವಲಿಯನ್ನು ಹಿಡಿಯಬೇಕು, ಇನ್ನೊಂದು ಸಟ್ಟುಗವನ್ನು ತೂರಿಸಬೇಕು. ಒಂದೇ ಕೈಯಲ್ಲಿ ಸಟ್ಟುಗ ತೂರಿಸಿದರೆ ಕಾವಲಿಯೇ ಒಲೆಯ ಮೇಲೆ ಗರಗರ ತಿರುಗುತ್ತಿತ್ತು. ಎರಡು ಮೂರು ಸಲ ಪ್ರಯತ್ನಿಸಿ, ಮೀನು ಚೂರುಚೂರಾಗಿ, ಒಮ್ಮೆ ಬಿಸಿ ಎಣ್ಣೆ ಹೊಟ್ಟೆಗೆ ಸಿಡಿದ ಮೇಲೆ ಅಂಗಾರ ಖಡಾಖಂಡಿತವಾಗಿ ಬೇಡವೆಂದ. ಹುರಿಯುವ ಕೆಲಸ ಮಗಳು ದಿಶಾಳಿಗೆ ಬಂತು.

ದಿಶಾ ಐರೋಲಿಯ ಆಫೀಸಿನಲ್ಲಿ ಕೆಲಸ ಮಾಡುವವಳು. ತುಳು, ಕನ್ನಡ ಎರಡೂ ಅರ್ಥವಾಗುತ್ತವೆ. ಉತ್ತರ ಬರುವುದು ಹಿಂದಿಯಲ್ಲಿ. ಭಾನುವಾರ ಅವಳು ಒಲೆಯ ಮುಂದೆ ನಿಂತರೆ ಚಂಪಾ ಬೆನ್ನ ಹಿಂದೆ ನಿಲ್ಲುತ್ತಿದ್ದಳು. ಉರಿ ಸಣ್ಣ ಮಾಡು, ಈಗಲೇ ಮುಟ್ಟಬೇಡ, ಎಣ್ಣೆ ಬದಿಯಿಂದ ಬಿಡು, ಬಾಲದ ಕಡೆಯಿಂದ ಎತ್ತು. ಇವೆಲ್ಲ ಸರಿಯಾದ ಮಾತುಗಳೇ. ಆದರೆ ಒಂದು ವಾರವಲ್ಲ, ಪ್ರತಿ ವಾರ. ಒಂದು ಭಾನುವಾರ ದಿಶಾ ಗ್ಯಾಸ್ ಆರಿಸಿ, ಸಟ್ಟುಗವನ್ನು ಕಟ್ಟೆಯ ಮೇಲಿಟ್ಟು ತಿರುಗಿ ನಿಂತಳು.

“ಮಮ್ಮಿ, ಯಾ ತೋ ತುಮ್ ಕರೋ, ಯಾ ಮುಝೆ ಕರ್ನೇ ದೋ” ಅಂದಳು. ಒಂದೋ ನೀನು ಮಾಡು, ಇಲ್ಲ ನನ್ನನ್ನು ಮಾಡಲು ಬಿಡು.

ದನಿ ಏರಿಸಿರಲಿಲ್ಲ. ಹೇಳಿದ ಮರುಗಳಿಗೆಯೇ ಅವಳ ಮುಖ ಸಣ್ಣದಾಯಿತು. ನೀನು ಮಾಡು ಎಂದರೆ ಯಾವ ಕೈಯಲ್ಲಿ ಮಾಡುವುದು? ಚಂಪಾ ಹಾಲಿಗೆ ಬಂದು ಕೂತಳು. ಮಗಳು ಹೇಳಿದ್ದರಲ್ಲಿ ತಪ್ಪಿಲ್ಲವೆಂಬುದು ಅವಳಿಗೆ ಗೊತ್ತಿತ್ತು. ಅದಕ್ಕೇ ಹೆಚ್ಚು ನೋವಾಗಿತ್ತು.

ಮುಂದಿನ ವಾರ ಕಾಲೇಜಿನ ಕ್ಯಾಂಟೀನಿನಲ್ಲಿ ಸ್ಯಾಂಡ್‌ವಿಚ್ಚಿಗೆ ಹೇಳಿ ಕಾಯುತ್ತಿದ್ದಾಗ ಅವಳ ಕಣ್ಣು ಗ್ರಿಲ್ಲರಿನ ಮೇಲೆ ಬಿತ್ತು. ದಿನಾ ಕಂಡದ್ದೇ. ಕ್ಯಾಂಟೀನಿನವನು ಬ್ರೆಡ್ಡನ್ನು ಕೆಳಗಿನ ಲೋಹದ ಹಲಗೆಯ ಮೇಲಿಟ್ಟು ಮೇಲಿನದನ್ನು ಮುಚ್ಚಿದ. ಅವನ ಇನ್ನೊಂದು ಕೈಯಲ್ಲಿ ಫೋನಿತ್ತು. ಸ್ವಲ್ಪ ಹೊತ್ತಿಗೆ ತೆರೆದರೆ ಎರಡೂ ಬದಿ ಕೆಂಪಗಾಗಿತ್ತು. ಯಾರೂ ಏನನ್ನೂ ಮಗುಚಿರಲಿಲ್ಲ. ಇದರಲ್ಲಿ ಬೇರೆ ಏನಾದರೂ ಬೇಯಿಸಬಹುದೇ ಎಂದು ಕೇಳಿದಳು. ಪನೀರ್ ಇಡುತ್ತೇವೆ, ಮನೆಯಲ್ಲಿ ಸಣ್ಣದರಲ್ಲಿ ಕೆಲವರು ಚಿಕನ್ನನ್ನೂ ಮಾಡುತ್ತಾರೆ ಅಂದ ಅವನು.

ಮನೆಗೆ ಒಂದು ಗ್ರಿಲ್ ತರಬೇಕು ಎಂದು ಅವಳು ಹೇಳಿದಾಗ ಅಂಗಾರ ತಲೆಯೆತ್ತಿ ಕಿಟಕಿ ನೋಡಿದ.

“ಗ್ರಿಲ್ ಉಂಟಲ್ಲ ಮಾರಾಯ್ತಿ. ಕಳೆದ ವರ್ಷ ಪೇಂಟ್ ಮಾಡಿಸಿದ್ದು.”

ವಿಷಯ ತಿಳಿದ ಮೇಲೆ ದಿಶಾ ಫೋನಿನಲ್ಲೇ ತರಿಸುತ್ತೇನೆಂದಳು. ಚಂಪಾ ಒಪ್ಪಲಿಲ್ಲ. ಇದು ತನ್ನ ಒಂದು ಕೈಗೆ ಒಗ್ಗಬೇಕು, ಚಿತ್ರ ನೋಡಿ ಅದು ತಿಳಿಯುವುದಿಲ್ಲ ಎಂದಳು. ಶನಿವಾರ ತಾಯಿ ಮಗಳು ಗೋಖಲೆ ರೋಡಿಗೆ ಹೋದರು.

ಮೊದಲನೆಯ ಅಂಗಡಿಯಲ್ಲಿದ್ದದ್ದು ತ್ರಿಕೋಣದ ಗುಳಿಗಳಿರುವ ಟೋಸ್ಟರ್. ಬ್ರೆಡ್ಡಿಗಷ್ಟೇ ಸರಿ. ಎರಡನೆಯದರಲ್ಲಿ ಹಲಗೆಗಳು ಅಗಲವಾಗಿದ್ದವು, ನೋಡಲು ಚೆಂದವೂ ಇತ್ತು. ಚಂಪಾ ಎಡಗೈಯಿಂದ ಹಿಡಿ ಎತ್ತಿದರೆ ಮುಚ್ಚಳ ತೆರೆಯುವ ಬದಲು ಇಡೀ ಯಂತ್ರವೇ ಮೇಲೆದ್ದಿತು. ಅಷ್ಟು ಹಗುರ. ಬಲಗೈ ಸರಿಯಿದ್ದಿದ್ದರೆ ಬುಡ ಒತ್ತಿ ಹಿಡಿಯಬಹುದಿತ್ತು. ಅವಳು ಅದನ್ನು ಅಲ್ಲೇ ಬಿಟ್ಟು ಹೊರಬಂದಳು.

ಮೂರನೆಯ ಅಂಗಡಿಯ ಹುಡುಗ ಮೊದಮೊದಲು ದಿಶಾಳ ಜೊತೆಗೇ ಮಾತಾಡುತ್ತಿದ್ದ. ಎಷ್ಟು ವಾಟ್, ಗ್ಯಾರಂಟಿ ಎಷ್ಟು, ಯಾವ ಬಣ್ಣ ಹೆಚ್ಚು ಹೋಗುತ್ತದೆ. ಚಂಪಾ ತನ್ನ ಬ್ಯಾಗಿನಿಂದ ಒಂದು ಸಣ್ಣ ಟವೆಲನ್ನು ತೆಗೆದು, ದಪ್ಪಕ್ಕೆ ಮಡಚಿ ಗ್ರಿಲ್ಲಿನೊಳಗಿಟ್ಟು ಮುಚ್ಚಿದಳು. ಮೇಲಿನ ಹಲಗೆ ಹಿಂದುಗಡೆ ಟವೆಲನ್ನು ಕಚ್ಚಿತು, ಮುಂದುಗಡೆ ಬಾಯಿ ಬಿಟ್ಟುಕೊಂಡೇ ಇತ್ತು. ಮೀನಿಟ್ಟರೂ ಹೀಗೇ ಆಗುತ್ತದೆ, ತಲೆ ಸುಡುತ್ತದೆ, ಬಾಲ ಹಸಿ ಉಳಿಯುತ್ತದೆ ಎಂದಳು. ಹುಡುಗನಿಗೆ ಆಗ ಅವಳಿಗೆ ಬೇಕಾದದ್ದೇನೆಂದು ತಿಳಿಯಿತು. ಒಳಗೆ ಹೋಗಿ ಇನ್ನೊಂದನ್ನು ತಂದ. ಅದರ ಮೇಲಿನ ಹಲಗೆ ಒಳಗಿಟ್ಟ ವಸ್ತುವಿನ ದಪ್ಪಕ್ಕೆ ತಕ್ಕಂತೆ ತಾನೇ ಮೇಲೇಳುತ್ತಿತ್ತು. ಟವೆಲಿನ ಮೇಲೆ ಸಮನಾಗಿ ಕೂತಿತು. ಯಂತ್ರ ಭಾರವಾಗಿತ್ತು, ಅಡಿಯಲ್ಲಿ ರಬ್ಬರಿನ ಕಾಲುಗಳು, ಎಳೆದರೂ ಜಾರಲಿಲ್ಲ. ತೊಳೆಯಲು ಹಲಗೆಗಳನ್ನು ಕಳಚಬಹುದಿತ್ತು. ಬದಿಯ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿದರೆ ಹಲಗೆ ಸಡಿಲವಾಗುತ್ತದೆ. ಚಂಪಾ ಎಡಗೈಯಲ್ಲಿ ಎರಡೂ ಹಲಗೆ ಕಳಚಿದಳು, ಮತ್ತೆ ಕೂರಿಸಿದಳು. ಒಂದು ಸಲ ಓರೆಯಾಗಿ ಕೂತಿತು, ತೆಗೆದು ಪುನಃ ಕೂರಿಸಿದಳು. ಹಿಂದೆ ಇಬ್ಬರು ಗಿರಾಕಿಗಳು ಕಾಯುತ್ತಿದ್ದರು. ದಿಶಾ ಸಹಾಯಕ್ಕೆ ಕೈ ಮುಂದೆ ಮಾಡಲಿಲ್ಲ.

ಇದಕ್ಕೆ ದೊಡ್ಡ ಪ್ಲಗ್ ಪಾಯಿಂಟೇ ಬೇಕು, ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಬೇಡಿ ಎಂದು ಹುಡುಗ ಎಚ್ಚರಿಸಿ ಕಳಿಸಿದ. ಅಡುಗೆಮನೆಯ ಕಟ್ಟೆಯ ಮೇಲೆ ಜಾಗವಿರಲಿಲ್ಲ. ಅಂಗಾರ ಎಲೆಕ್ಟ್ರಿಷಿಯನ್ನನ್ನು ಕರೆಸಿ ಹಾಲಿನಲ್ಲಿ, ಊಟದ ಮೇಜಿನ ಪಕ್ಕದ ಗೋಡೆಗೆ ಹೊಸ ಪಾಯಿಂಟ್ ಹಾಕಿಸಿದ.

ಮೊದಲ ದಿನದ ಬಂಗುಡೆ ಕೆಟ್ಟಿತು. ಕಾವಲಿಗೆ ಹಚ್ಚುವಂತೆಯೇ ನೀರುನೀರಾದ ಮಸಾಲೆಯನ್ನು ದಪ್ಪಗೆ ಮೆತ್ತಿ ಇಟ್ಟಿದ್ದಳು. ಅವಸರಕ್ಕೆ ತೆರೆದು ನೋಡಿದಾಗ ಮಸಾಲೆಯೂ ತೊಗಲೂ ಮೇಲಿನ ಹಲಗೆಗೆ ಅಂಟಿಕೊಂಡಿದ್ದವು, ಕೆಳಗೆ ಬೆತ್ತಲೆ ಮೀನು. ಮನೆ ತುಂಬ ಹೊಗೆ. ಅಂಗಾರ ಮುಳ್ಳು ಬಿಡಿಸಿಕೊಂಡು ಪೂರ್ತಿ ತಿಂದ, ಪರವಾಗಿಲ್ಲ ಅಂದ. ಅವನ ಪರವಾಗಿಲ್ಲ ಎಂಬ ಮಾತಿನ ಅರ್ಥ ಅವಳಿಗೆ ಹೊಸದಲ್ಲ. ಊಟವಾದ ಮೇಲೆ ಸಹಾಯ ಮಾಡುವ ಉಮೇದಿನಲ್ಲಿ ಹೋಟೆಲಿನ ಪಾತ್ರೆಯೆಂಬಂತೆ ಹಲಗೆಯನ್ನು ಸ್ಟೀಲ್ ಜುಂಗಿನಿಂದ ಉಜ್ಜಿಬಿಟ್ಟ. ಒಂದು ಮೂಲೆಯಲ್ಲಿ ಕಪ್ಪು ಲೇಪ ಎದ್ದುಹೋಯಿತು. ಆ ಮೂಲೆಯಲ್ಲಿ ಇಟ್ಟದ್ದು ಇಂದಿಗೂ ಅಂಟುತ್ತದೆ. ಚಂಪಾ ಅಲ್ಲಿ ಏನನ್ನೂ ಇಡುವುದಿಲ್ಲ.

ಮುಂದೆ ಅವಳು ಒಂದೊಂದಾಗಿ ಕಲಿತಳು. ಮುಚ್ಚಿಟ್ಟೇ ಮೊದಲು ಚೆನ್ನಾಗಿ ಕಾಯಿಸಬೇಕು, ಯಂತ್ರದ ದೀಪ ಹಸಿರಾಗುವವರೆಗೆ. ಎಣ್ಣೆಯನ್ನು ಹಲಗೆಗಲ್ಲ, ಬೇಯುವ ವಸ್ತುವಿಗೆ ಸವರಬೇಕು. ಮಸಾಲೆ ಗಟ್ಟಿಯಿರಬೇಕು, ಮೇಲೆ ಸ್ವಲ್ಪ ರವೆ ಉದುರಿಸಬೇಕು. ನಡುನಡುವೆ ತೆರೆದು ನೋಡುವ ಚಪಲ ಬಿಡಬೇಕು. ಬದಿಯಿಂದ ಹೊರಡುವ ಹಬೆ ಜೋರಾಗಿರುವಷ್ಟು ಹೊತ್ತು ಒಳಗೆ ಹಸಿಯೇ. ಹಬೆ ತೆಳ್ಳಗಾದಾಗ ತೆರೆದರೆ ಹಲಗೆ ತಾನಾಗಿ ಬಿಡುತ್ತದೆ. ಹಬೆ ನೋಡಿ ಹದ ಹೇಳುವುದು ಲ್ಯಾಬಿನಲ್ಲಿ ಅಷ್ಟು ವರ್ಷ ಕಳೆದವಳಿಗೆ ಕಷ್ಟವಾಗಲಿಲ್ಲ. ಕೆಲಸವಾದ ಮೇಲೆ ಸ್ವಿಚ್ ಆರಿಸಿ, ಬಿಸಿ ಆರುತ್ತಾ ಬಂದಾಗ ಒದ್ದೆ ಬಟ್ಟೆಯಿಂದ ಒರೆಸಿದರೆ ಉಜ್ಜುವ ಅಗತ್ಯವೇ ಬೀಳದು.

ಇಷ್ಟಾದರೂ ಬಂಗುಡೆ ಕಾವಲಿಯ ಬಂಗುಡೆಯಾಗಲಿಲ್ಲ. ಬಾಳೆಲೆಯಲ್ಲಿ ಸುತ್ತಿಟ್ಟರೆ ಮೆತ್ತಗೆ, ಚೆನ್ನಾಗಿಯೇ ಬೇಯುತ್ತಿತ್ತು. ಆದರೆ ಎಣ್ಣೆಯಲ್ಲಿ ಕರುಕಾದ ಆ ಮಸಾಲೆಯ ಅಂಚು ಬರುತ್ತಿರಲಿಲ್ಲ. ಚಂಪಾ ಬಹಳ ದಿನ ಹಟ ಹಿಡಿದಳು. ಮಸಾಲೆ ಬದಲಿಸಿದಳು, ಶಾಖ ಬದಲಿಸಿದಳು. ಯಂತ್ರ ತನಗಾಗುವುದನ್ನು ಮಾತ್ರ ಮಾಡಿತು.

ಮಳೆಗಾಲದ ಆಟಿ ತಿಂಗಳ ಒಂದು ಭಾನುವಾರ ಡೊಂಬಿವಲಿಯಿಂದ ಅಂಗಾರನ ಅಕ್ಕ ಜಯಲತಾ ಬಂದಳು. ಮಾರ್ಕೆಟಿನಲ್ಲಿ ಸಿಕ್ಕಿತೆಂದು ಕೆಸುವಿನ ಎಲೆ ಕಟ್ಟು ತಂದಿದ್ದಳು. ಪಾಪ, ಈ ಸಲ ಇವಳಿಗೆ ಪತ್ರೊಡೆ ಎಲ್ಲಿಂದ ಎಂಬ ಅನುಕಂಪವೂ ಜೊತೆಗೆ ಬಂದಿತ್ತು. ಚಂಪಾ ಅಕ್ಕಿ, ಹುಳಿ, ಬೆಲ್ಲ, ಮೆಣಸು ರುಬ್ಬಿ ಎಡಗೈಯಿಂದ ಎಲೆಗಳಿಗೆ ಹಚ್ಚಿದಳು. ಜಯಲತಾ ಸುರುಳಿ ಸುತ್ತಿ ಹಬೆಯಲ್ಲಿ ಬೇಯಿಸಿ ಬಿಲ್ಲೆಗಳಾಗಿ ಕತ್ತರಿಸಿದಳು. ಕಾವಲಿ ಎಲ್ಲಿ ಎಂದು ಅವಳು ಹುಡುಕಲು ಹೊರಟಾಗ ಚಂಪಾ ಬೇಡವೆಂದು ಮೇಜಿನ ಬಳಿ ಕೂರಿಸಿದಳು.

ಗ್ರಿಲ್ ಕಾದಿತ್ತು. ಬಿಲ್ಲೆಗಳಿಗೆ ತೆಂಗಿನೆಣ್ಣೆ ಸವರಿ ಸಾಲಾಗಿಟ್ಟು ಮುಚ್ಚಿದಳು. ಹಬೆ ಎದ್ದು ಇಳಿಯಿತು. ತೆರೆದಾಗ ಎರಡೂ ಮೈ ಗರಿಗರಿ, ಮೇಲೆ ಕಂದು ಗೀರುಗಳು, ಒಳಗೆ ಮೆತ್ತಗೆ. ಮರದ ಸಟ್ಟುಗದಿಂದ ಎತ್ತಿ ಒಬ್ಬೊಬ್ಬರ ತಟ್ಟೆಗೆ ಹಾಕಿ ಇನ್ನೊಂದು ಸಾಲು ಇಟ್ಟಳು. ಅದು ಬೇಯುವಷ್ಟರಲ್ಲಿ ತನ್ನ ತಟ್ಟೆಯದನ್ನು ತಿಂದಳು. ಆಮೇಲೆ ಜೀಗುಜ್ಜೆ ಕಾಯಿಯ ಹೋಳುಗಳು. ಮಾತು ಊರಿಗೆ, ಕಳವಾ ಕೋಣೆಗೆ, ಯಾರದೋ ಮದುವೆಗೆ ಹೋಗಿ ಬಂತು. ಎಲ್ಲರೂ ತಿಂದೇಳುವ ಹೊತ್ತಿಗೆ ಅವಳದೂ ಊಟವಾಗಿತ್ತು. ಮದುವೆಯಾದ ಮೇಲೆ ಪತ್ರೊಡೆಯನ್ನು ಬಿಸಿಬಿಸಿಯಾಗಿ, ನೆಂಟರ ಜೊತೆ ಕೂತು ತಿಂದದ್ದು ಇದೇ ಮೊದಲೇನೋ ಎಂದು ಅವಳಿಗೆ ಆಮೇಲೆ ಹೊಳೆಯಿತು.

ಜಯಲತಾಳ ಮನಸ್ಸು ಆ ಗ್ರಿಲ್ಲಿನ ಮೇಲೆ ಕೂತುಬಿಟ್ಟಿತು.

“ಯಾವ ಅಂಗಡಿ ಹೇಳು ಚಂಪಾ. ನಾನೂ ಒಂದು ತಗೊಳ್ತೇನೆ.”

“ನಿಮಗೆ ಎಂತಕ್ಕೆ ಜಯಕ್ಕ? ಎರಡು ಕೈ ಸರಿ ಉಂಟು. ಕಾವಲಿಯದ್ದೇ ರುಚಿ ಹೆಚ್ಚು, ನಾನು ಸುಳ್ಳು ಹೇಳುದಿಲ್ಲ” ಅಂದಳು ಚಂಪಾ. “ನನಗೆ ಇದು ಬೇಕಿತ್ತು, ಅದಕ್ಕೆ ತಗೊಂಡೆ.”

ಕೈ ಮುರಿದ ಮೇಲೆ ತನ್ನ ಕೈಯ ವಿಷಯವನ್ನು ಅವಳು ಇನ್ನೊಬ್ಬರ ಮುಂದೆ ಇಷ್ಟು ಸಲೀಸಾಗಿ ಆಡಿದ್ದು ದಿಶಾ ಕೇಳಿರಲಿಲ್ಲ. ಅವಳು ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಆ ಭಾನುವಾರದ ನಂತರ ಚಂಪಾ ಗ್ರಿಲ್ಲಿನಲ್ಲಿ ಬಂಗುಡೆ ಹುರಿಯುವ ಹಟ ಬಿಟ್ಟಳು. ಪತ್ರೊಡೆ, ಜೀಗುಜ್ಜೆ, ಗುಳ್ಳ ಬದನೆಯ ಹೋಳು, ಬೋನ್‌ಲೆಸ್ ಕೋಳಿ, ಬಾಳೆಲೆಯ ಪಾಂಫ್ರೆಟ್ ಇವೆಲ್ಲ ಮೇಜಿನ ಮೇಲಿನ ಅವಳ ಅಡುಗೆ. ಬಂಗುಡೆಯ ಕಾವಲಿ ಮಗಳದ್ದು ಎಂದು ತಾನೇ ಹೇಳಿದಳು. ಮಸಾಲೆ ರುಬ್ಬಿ ಕೊಡುತ್ತಾಳೆ, ಅಷ್ಟೇ. ದಿಶಾ ಒಲೆಯ ಮುಂದೆ ನಿಂತಾಗ ಅವಳು ಹಾಲಿನಲ್ಲಿ ಸ್ಪಂಜಿನ ಚೆಂಡು ಹಿಡಿದು ಬಲಗೈಯ ವ್ಯಾಯಾಮ ಮಾಡುತ್ತಾ ಕೂರುತ್ತಾಳೆ. ಎಣ್ಣೆಯ ಸದ್ದು ಬದಲಾದದ್ದು ಅಲ್ಲಿಂದಲೇ ಕೇಳುತ್ತದೆ. ಈಗ ಮಗುಚಬೇಕು ಎಂಬ ಮಾತು ಬಾಯಿಯವರೆಗೆ ಬರುತ್ತದೆ, ಕೆಲವೊಮ್ಮೆ ಹೊರಗೂ ಬಿದ್ದುಬಿಡುತ್ತದೆ. ಆಗ ಒಳಗಿನಿಂದ ದಿಶಾ “ಹಾಂ ಮಮ್ಮಿ, ಮಾಲೂಮ್ ಹೈ” ಅನ್ನುತ್ತಾಳೆ, ಗೊತ್ತಿದೆ ಎಂದು. ಮೀನು ಒಂದು ಬದಿ ತುಸು ಹೆಚ್ಚೇ ಕಪ್ಪಾಗಿ ಬರುತ್ತದೆ. ಅಂಗಾರ ಒಂದನ್ನು ಮುಗಿಸಿ ಇನ್ನೊಂದಕ್ಕೆ ಕೈ ಹಾಕುತ್ತಾನೆ.